ಹೊತ್ತಾದ ಊಟ, ಕೆಟ್ಟ ನಿದ್ದೆ, ನೆನಪಿಗೆ ಬರುವ ಕನಸು

"ಹೊತ್ತಾಗಿ ಹೊಟ್ಟಿ ಬಿರಿಯ ಉಂಡು ಮಲಕೊಂಡ್ರ ಕೆಟ್ಟ ಕನಸು ಬೀಳ್ತಾವ." ಉತ್ತರ ಕನ್ನಡದ ಮುಂಡಗೋಡ, ಹಳಿಯಾಳದ ಕಡೆ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದ ಮಾತಿದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಒಪ್ಪುವಂತೆಯೂ ಇಲ್ಲ. ಇಂಥ ತಿನಿಸು ತಿಂದರೆ ಇಂಥ ಕನಸು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಮಲಗುವ ಹೊತ್ತಿಗೆ ಹೊಟ್ಟೆಗೆ ಹೇರಿದ ಭಾರ ನಿದ್ದೆಯನ್ನು ನಡುನಡುವೆ ಕೆಡಿಸುತ್ತದೆ. ಹಾಗೆ ನಡುವೆ ಎಚ್ಚರವಾದಾಗಲೇ ಕನಸು ನೆನಪಿನಲ್ಲಿ ನಿಲ್ಲುತ್ತದೆ. ಹಿರಿಯರು ಕಂಡದ್ದು ಸರಿ, ಅದರ ಕಾರಣ ಮಾತ್ರ ಬೇರೆ. ಆ ಕಾರಣ ಗೊತ್ತಾದರೆ ರಾತ್ರಿಯ ಊಟವನ್ನೂ ನಿದ್ದೆಯನ್ನೂ ಸರಿಪಡಿಸಿಕೊಳ್ಳುವುದು ಸುಲಭ.

ದೀಪನಾಥೇಶ್ವರ ದೇವಸ್ಥಾನದ ದೀಪಗಳಿಂದಾಗಿ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಹೆಸರು ನಾಡಿಗೆಲ್ಲ ಗೊತ್ತು. ಸುತ್ತಲಿನದು ಭತ್ತ, ಗೋವಿನಜೋಳ ನಂಬಿ ಬದುಕುವ ಸೀಮೆ. ಇಂಥ ಊರುಗಳಿಗೆ ಕರೆಂಟು ಬರುವ ಮೊದಲು ಊಟದ ಹೊತ್ತನ್ನು ಕತ್ತಲೆಯೇ ಗೊತ್ತುಮಾಡುತ್ತಿತ್ತು. ದನ ಕಟ್ಟಿ, ಹಾಲು ಹಿಂಡಿ, ಚಿಮಣಿಯ ಬೆಳಕಿನಲ್ಲಿ ಉಂಡು, ಕಟ್ಟೆಯ ಮೇಲೆ ನಾಲ್ಕು ಮಾತಾಡಿ ಮಲಗುವುದು ರೂಢಿ. ಉಂಡದ್ದಕ್ಕೂ ಮಲಗಿದ್ದಕ್ಕೂ ನಡುವೆ ಒಂದಷ್ಟು ಹೊತ್ತು ತಾನಾಗಿಯೇ ಸಿಗುತ್ತಿತ್ತು. ಈಗ ಎಷ್ಟೋ ಮನೆಗಳಲ್ಲಿ ಏಳು ಗಂಟೆಗೆ ಚಹಾ, ಚೂಡಾ. ಧಾರಾವಾಹಿ ಮುಗಿದ ಮೇಲೆ ಹತ್ತಕ್ಕೆ ಊಟ. ಕೈ ತೊಳೆದು ಹಾಸಿಗೆಗೆ ಬಿದ್ದು ಮೊಬೈಲು. ಬೆಳಗ್ಗೆ ಏಳುವುದು ಮಾತ್ರ ಹಳೆಯ ಹೊತ್ತಿಗೇ, ಏಕೆಂದರೆ ದನಕ್ಕೂ ಹೊಲಕ್ಕೂ ಧಾರಾವಾಹಿಯ ವೇಳೆ ಗೊತ್ತಿಲ್ಲ.

ತಡವಾಗಿ ಉಣ್ಣುವುದು ಎಲ್ಲರಿಗೂ ಆಯ್ಕೆಯ ಮಾತಲ್ಲ. ಭತ್ತ ತೆನೆಗಟ್ಟುವ ಕಾಲಕ್ಕೆ ದಾಂಡೇಲಿ ಕಾಡಿನ ಕಡೆಯಿಂದ ಆನೆಗಳು ಮುಂಡಗೋಡ, ಹಳಿಯಾಳದ ಗದ್ದೆಗಳಿಗೆ ಇಳಿಯುವುದು ವರ್ಷವರ್ಷದ ಪಾಡು. ಕಾಡುಹಂದಿಯ ಕಾಟವಂತೂ ಇದ್ದೇ ಇದೆ. ಕಾಡಂಚಿನ ರೈತ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೋಗುತ್ತಾನೆ. ಅಟ್ಟದ ಮೇಲೆ ಕೂತು ಬ್ಯಾಟರಿ ಬಿಡುತ್ತ, ಡಬ್ಬ ಬಡಿಯುತ್ತ ಹೊತ್ತು ಕಳೆಯುತ್ತಾನೆ. ಸದ್ದಡಗಿದಾಗ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಬಿಚ್ಚಿ ಉಣ್ಣುತ್ತಾನೆ. ಉಂಡ ಕೂಡಲೇ ಕಂಬಳಿ ಹೊದ್ದು ಅರೆನಿದ್ದೆಗೆ ಜಾರುತ್ತಾನೆ. ದಾಂಡೇಲಿಯ ಕಾಗದದ ಕಾರ್ಖಾನೆ, ಹಳಿಯಾಳದ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರದ್ದೂ, ಕಡೆಯ ಬಸ್ಸು ಓಡಿಸಿ ಬಂದ ಚಾಲಕನದ್ದೂ ಇದೇ ಕಥೆ. ಇವರಿಗೆ "ಬೇಗ ಉಣ್ಣಿ" ಎಂದು ಉಪದೇಶ ಮಾಡಿ ಕೈತೊಳೆದುಕೊಂಡರೆ ಆಗದು. ಇವರ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ನಿದ್ದೆಯನ್ನು ನೋಡೋಣ. ರಾತ್ರಿಯಿಡೀ ನಿದ್ದೆ ಒಂದೇ ಸಮ ಇರುವುದಿಲ್ಲ. ತೂಕಡಿಕೆಯ ತೆಳು ನಿದ್ದೆ, ಆಮೇಲೆ ಗಾಢ ನಿದ್ದೆ, ಅದರ ನಂತರ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಹೊರಳಾಡುವ ನಿದ್ದೆ. ಹೀಗೆ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದೂವರೆ ತಾಸು. ಕಣ್ಣು ಹೊರಳುವ ಈ ನಿದ್ದೆಯನ್ನು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೆಥಾನಿಯಲ್ ಕ್ಲೈಟ್‌ಮನ್ ಗುರುತಿಸಿ ಪ್ರಕಟಿಸಿದರು. ಇದಕ್ಕೆ ರೆಮ್ ನಿದ್ದೆ ಎಂದು ಹೆಸರು. ಕಣ್ಣಿಗೆ ಕಟ್ಟುವಂಥ, ಕಥೆಯಂತೆ ಸಾಗುವ ಕನಸುಗಳು ಹೆಚ್ಚಾಗಿ ಬೀಳುವುದು ಈ ಹೊತ್ತಿನಲ್ಲೇ. ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ದೆಯ ಪಾಲು ಜಾಸ್ತಿ, ಬೆಳಗಿನ ಜಾವ ಸಮೀಪಿಸಿದಂತೆ ರೆಮ್ ನಿದ್ದೆಯ ಪಾಲು ಜಾಸ್ತಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕನಸು ಬೀಳುವುದು ಬೇರೆ, ಕನಸು ನೆನಪಿರುವುದು ಬೇರೆ. "ನನಗೆ ಕನಸೇ ಬೀಳೂದಿಲ್ಲ" ಎನ್ನುವವರಿಗೂ ಕನಸು ಬೀಳುತ್ತದೆ, ಅವರು ಅದನ್ನು ದಾಟಿ ನಿದ್ದೆ ಮಾಡಿಬಿಡುತ್ತಾರೆ, ಅಷ್ಟೆ. ರೆಮ್ ನಿದ್ದೆಯ ನಡುವೆ ಎಬ್ಬಿಸಿ ಕೇಳಿದರೆ ಬಹುತೇಕರು ಕನಸು ಹೇಳುತ್ತಾರೆ. ಆ ಹಂತ ದಾಟಿ ಸ್ವಲ್ಪ ಹೊತ್ತಾದ ಮೇಲೆ ಎಬ್ಬಿಸಿದರೆ ಮರೆತಿರುತ್ತಾರೆ. ಆದ್ದರಿಂದ ರಾತ್ರಿಯಲ್ಲಿ ಎಷ್ಟು ಸಲ ಎಚ್ಚರವಾಗುತ್ತದೋ ಅಷ್ಟು ಕನಸು ಕೈಗೆ ಸಿಗುತ್ತದೆ. ಎದೆಯುರಿಯಿಂದ, ಬಾಯಾರಿಕೆಯಿಂದ, ಹೊಟ್ಟೆ ಉಬ್ಬರದಿಂದ ಎಚ್ಚರವಾದರೆ ಆ ಸಂಕಟ ಕನಸಿಗೂ ಸೇರಿಕೊಳ್ಳಬಹುದು, ಎದ್ದ ಮೇಲಿನ ನೆನಪಿಗೂ ಬಣ್ಣ ಬಳಿಯಬಹುದು.

ಹೊಟ್ಟೆಯೊಳಗೆ ಆಗುವುದೇನು? ಅನ್ನ, ರೊಟ್ಟಿ, ಪಲ್ಯದಂಥ ಗಟ್ಟಿ ಊಟ ಜಠರದಿಂದ ಮುಂದಕ್ಕೆ ಸಾಗಲು ಕೆಲವು ತಾಸು ಬೇಕು. ಎಣ್ಣೆ, ಕೊಬ್ಬು ಜಾಸ್ತಿ ಇದ್ದರೆ ಇನ್ನೂ ತಡ. ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿಯಾಗಿ ಮುಚ್ಚಿಕೊಳ್ಳುವ ಸ್ನಾಯುವೊಂದಿದೆ. ಕೂತಾಗ, ನಿಂತಾಗ ಜಠರದ ಹುಳಿ ಕೆಳಗೇ ಇರುತ್ತದೆ. ತುಂಬಿದ ಹೊಟ್ಟೆಯಲ್ಲಿ ಅಡ್ಡಾದರೆ ಆ ಸ್ನಾಯುವಿನ ಮೇಲೆ ಒತ್ತಡ ಬಿದ್ದು ಹುಳಿ ಮೇಲಕ್ಕೆ ನುಗ್ಗುತ್ತದೆ. ಹುಳಿತೇಗು, ಎದೆಯುರಿ, ಗಂಟಲು ಕೆರೆತ, ಒಣಕೆಮ್ಮು ಎಲ್ಲ ಅದರ ಫಲ. ಎದೆಯುರಿ ಇರುವವರು ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ತಾಸು ಬಿಡಬೇಕೆಂದು ವೈದ್ಯರು ಹೇಳುವುದು ಇದಕ್ಕೇ. ಬಲಮಗ್ಗುಲಿಗಿಂತ ಎಡಮಗ್ಗುಲಿಗೆ ಮಲಗಿದರೆ ಹುಳಿಯ ಕಾಟ ಕಡಿಮೆ ಎಂಬುದೂ ಪರೀಕ್ಷೆಗಳಲ್ಲಿ ಕಂಡಿದೆ.

ಖಾರದ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಭಾಗದಲ್ಲಿ ಜಾತ್ರೆ, ಬಯಲಾಟ ಎಂದರೆ ರಾತ್ರಿ ಹನ್ನೊಂದಕ್ಕೂ ಗಿರ್ಮಿಟ್, ಮಿರ್ಚಿ ಬಿಸಿಬಿಸಿಯಾಗಿ ಸಿಗುತ್ತವೆ. 1992ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ರಾತ್ರಿಯೂಟದ ಜೊತೆ ಖಾರದ ಸಾಸು, ಸಾಸಿವೆ ಕೊಟ್ಟು ನಿದ್ದೆಯನ್ನು ಅಳೆದರು. ಖಾರ ತಿಂದ ರಾತ್ರಿ ಗಾಢ ನಿದ್ದೆ ಕಡಿಮೆಯಾಯಿತು, ಎಚ್ಚರವಾಗಿದ್ದ ಹೊತ್ತು ಹೆಚ್ಚಾಯಿತು, ನಿದ್ದೆಯ ಮೊದಲ ಸುತ್ತಿನಲ್ಲಿ ಮೈಯ ಬಿಸಿ ಏರಿತ್ತು. ನಿದ್ದೆ ಬರಬೇಕಾದರೆ ದೇಹದ ಒಳಗಿನ ಬಿಸಿ ಇಳಿಯಬೇಕು. ಖಾರ ಅದನ್ನು ಇಳಿಯಗೊಡುವುದಿಲ್ಲ. ಆರೇ ಮಂದಿಯ ಪ್ರಯೋಗವಾದರೂ ಜಾತ್ರೆಯ ಮರುದಿನ ನಮ್ಮ ಜನ ಹೇಳುವ "ರಾತ್ರಿಯೆಲ್ಲ ಹೊರಳ್ಯಾಡಿದೆ" ಎಂಬ ಮಾತಿಗೆ ಅದು ಹೊಂದುತ್ತದೆ.

ಇನ್ನು ಕನಸಿನ ಲೆಕ್ಕ. ತಿಂಡಿಯ ಮೇಲೆ ಕನಸಿನ ತಪ್ಪು ಹೊರಿಸುವುದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಮಲಗುವ ಮುಂಚೆ ಚೀಸ್ ಸವರಿದ ಬ್ರೆಡ್ ತಿಂದು ಭಯಂಕರ ಕನಸು ಕಾಣುವವರ ಮೇಲೆ ಅಮೆರಿಕದ ವಿನ್ಸರ್ ಮೆಕೇ 1904ರಲ್ಲೇ ಪತ್ರಿಕೆಯಲ್ಲಿ ಚಿತ್ರಕಥೆ ಶುರುಮಾಡಿದ್ದ. ಕೆನಡಾದ ನಿದ್ದೆ ಸಂಶೋಧಕ ಟೋರ್ ನೀಲ್ಸನ್ ಮತ್ತು ಸಂಗಡಿಗರು ಈ ನಂಬಿಕೆಯನ್ನೇ ಹಿಡಿದು ಸಮೀಕ್ಷೆ ನಡೆಸಿದರು. 2015ರಲ್ಲಿ ಪ್ರಕಟವಾದ ಮೊದಲ ಸಮೀಕ್ಷೆಯಲ್ಲಿ 396 ವಿದ್ಯಾರ್ಥಿಗಳ ಪೈಕಿ ಸುಮಾರು ಶೇ 18ರಷ್ಟು ಮಂದಿ ಆಹಾರದಿಂದ ತಮ್ಮ ಕನಸು ಬದಲಾಗುತ್ತದೆ ಎಂದರು. ಹೆಚ್ಚು ಬೈಗುಳ ತಿಂದದ್ದು ಹಾಲಿನ ಪದಾರ್ಥಗಳು. 2025ರ ಎರಡನೆಯ ಸಮೀಕ್ಷೆಯಲ್ಲಿ 1,082 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಶೇ 40ರಷ್ಟು ಮಂದಿ ಆಹಾರ ನಿದ್ದೆಯ ಮೇಲೆ ಪರಿಣಾಮ ಬೀರುತ್ತದೆ ಎಂದರೆ, ಕನಸಿನ ಮೇಲೆ ಎಂದವರು ಶೇ 5.5 ಮಾತ್ರ. ತಿಂದದ್ದು ನಿದ್ದೆಗೆ ತಗಲುತ್ತದೆ ಎಂಬ ಅನುಭವ ಬಹಳ ಜನರದು, ಕನಸಿಗೂ ತಗಲುತ್ತದೆ ಎನ್ನುವವರು ಕೆಲವರು.

ಎರಡನೆಯ ಸಮೀಕ್ಷೆಯಲ್ಲಿ ಎದ್ದು ಕಂಡ ಅಂಶವೆಂದರೆ, ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆ ಅರಗದವರಲ್ಲಿ ಕೆಟ್ಟ ಕನಸಿನ ಕಾಟ ಜಾಸ್ತಿ ಇತ್ತು. ಹೊಟ್ಟೆ ನುಲಿತ, ವಾಯು, ಉಬ್ಬರ ಇವು ರಾತ್ರಿಯೆಲ್ಲ ಒಳಗೊಳಗೇ ಕೆಲಸ ಮಾಡುತ್ತವೆ ಎಂಬುದು ಸಂಶೋಧಕರ ಊಹೆ. ನಮಗೆ ಇದು ಮುಖ್ಯ, ಏಕೆಂದರೆ ದಕ್ಷಿಣ ಭಾರತದ ದೊಡ್ಡವರಲ್ಲಿ ಲ್ಯಾಕ್ಟೋಸ್ ಸರಿಯಾಗಿ ಅರಗದವರ ಸಂಖ್ಯೆ ಕಡಿಮೆಯದಲ್ಲ. ಮಲಗುವಾಗ ಲೋಟ ತುಂಬ ಹಾಲು ಕುಡಿದರೆ ಒಳ್ಳೆಯ ನಿದ್ದೆ ಎಂದು ನಂಬಿದವರು ಹೊಟ್ಟೆಯ ಗುಡುಗುಡು ಕೇಳಿಸಿಕೊಂಡರೆ ಹಾಲನ್ನು ಬಿಟ್ಟು ನೋಡಲಿ. ಹೆಪ್ಪು ಹಾಕಿದಾಗ ಲ್ಯಾಕ್ಟೋಸ್‌ನ ಒಂದು ಭಾಗ ಕರಗುವುದರಿಂದ ಮೊಸರು, ಮಜ್ಜಿಗೆ ಅಂಥವರಿಗೂ ಹೆಚ್ಚಾಗಿ ಒಗ್ಗುತ್ತವೆ.

ರಾತ್ರಿ ಉಂಡರೆ ಕನಸಿನ ನಿದ್ದೆ ಹೆಚ್ಚುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ರಂಜಾನ್ ತಿಂಗಳು ಒಂದು ದಾರಿ ತೋರಿಸಿತು. ಆ ತಿಂಗಳು ಊಟವೆಲ್ಲ ಸೂರ್ಯ ಮುಳುಗಿದ ಮೇಲೆ ತಾನೆ? ಮೊರಾಕ್ಕೊದ ಸಂಶೋಧಕರು ಎಂಟು ಮಂದಿ ಯುವಕರ ನಿದ್ದೆಯನ್ನು ರಂಜಾನ್ ಮೊದಲು, ನಡುವೆ, ನಂತರ ಅಳೆದು 2001ರಲ್ಲಿ ಪ್ರಕಟಿಸಿದರು. ಉಪವಾಸದ ತಿಂಗಳಲ್ಲಿ ರಾತ್ರಿ ಮೈಯ ಬಿಸಿ ಏರಿತ್ತು, ನಿದ್ದೆ ಹತ್ತುವುದು ತಡವಾಗಿತ್ತು, ರೆಮ್ ನಿದ್ದೆ ಹೆಚ್ಚುವ ಬದಲು ಕಡಿಮೆಯಾಗಿತ್ತು. ಅಂದರೆ ತಡವಾದ ಊಟದಿಂದ ಕನಸಿನ ಹೊತ್ತು ಬೆಳೆಯಲಿಲ್ಲ. ಕನಸು ಜಾಸ್ತಿ ಬಿತ್ತು ಎಂದು ನಮಗೆ ಅನಿಸಿದರೆ, ಜಾಸ್ತಿಯಾದದ್ದು ಎಚ್ಚರ ಎಂದು ತಿಳಿಯುವುದೇ ಹೆಚ್ಚು ಸರಿ.

ಊಟಕ್ಕಿಂತ ಊಟದ ಸುತ್ತ ನಡೆಯುವುದರ ಪಾಲು ಕೆಲವು ಸಲ ದೊಡ್ಡದು. ಸಂಜೆಯ ಚಹಾದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ಏಳಕ್ಕೆ ಕುಡಿದ ಸ್ಟ್ರಾಂಗ್ ಚಹಾ ಹನ್ನೆರಡಕ್ಕೂ ಮೈಯಲ್ಲಿ ಅರ್ಧ ಉಳಿದಿರುತ್ತದೆ. ಹೆಂಡ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ಮೊದಲರ್ಧ ರಾತ್ರಿ ರೆಮ್ ನಿದ್ದೆಯನ್ನು ಅದುಮಿಡುತ್ತದೆ. ಅಮಲು ಇಳಿದ ಮೇಲೆ ಅದುಮಿಟ್ಟದ್ದೆಲ್ಲ ಒಮ್ಮೆಗೇ ಮೇಲೆದ್ದು ನಸುಕಿನಲ್ಲಿ ಕಳವಳದ ಕನಸು, ಮತ್ತೆ ಮತ್ತೆ ಎಚ್ಚರ. ಕುಡಿದ ರಾತ್ರಿಯ ಕನಸಿಗೆ ತಿಂದ ಕೋಳಿಸಾರನ್ನು ದೂರುವವರು ಇದನ್ನು ಮನಸ್ಸಿನಲ್ಲಿಡಬೇಕು.

ಉತ್ತರ ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ಕವಳದ್ದು. ಅಡಿಕೆಯಲ್ಲಿ ಅರಿಕೋಲಿನ್ ಎಂಬ ಸಾರವಿದೆ. 1978ರಲ್ಲಿ ಅಮೆರಿಕದ ಸಂಶೋಧಕರು ಮಲಗಿದ್ದ ಆರೋಗ್ಯವಂತರ ರಕ್ತನಾಳಕ್ಕೆ ಅರಿಕೋಲಿನ್ ಕೊಟ್ಟಾಗ ಮುಂದಿನ ರೆಮ್ ನಿದ್ದೆ ಬೇಗನೆ ಬಂತು. ಅಡಿಕೆಯ ಸಾರಕ್ಕೂ ಕನಸಿನ ನಿದ್ದೆಗೂ ಮಿದುಳಿನಲ್ಲಿ ನಂಟಿದೆ ಎಂದು ಅದು ತೋರಿಸಿತು. ಹಾಗೆಂದು ಉಂಡ ಮೇಲೆ ಜಗಿಯುವ ಒಂದು ಕವಳ ಕನಸು ತರುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು, ಜಗಿಯುವುದು ಬೇರೆ, ಸೂಜಿಯಲ್ಲಿ ಕೊಡುವುದು ಬೇರೆ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಬಾಯಲ್ಲಿ ಕವಳ ಇಟ್ಟುಕೊಂಡೇ ಮಲಗುವ ರೂಢಿಯನ್ನು ಬಿಡಿಸಲು ಆ ಕಾರಣವೊಂದೇ ಸಾಕು, ಕನಸಿನ ಕಾರಣ ಬೇಕಾಗಿಲ್ಲ.

ಹಾಗಾದರೆ ತಡವಾಗಿ ಉಂಡವರೆಲ್ಲರ ನಿದ್ದೆ ಕೆಡುತ್ತದೆಯೇ? ಇಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿ ಆರೋಗ್ಯವಂತರಿಗೆ ಒಂದು ದಿನ ಸಂಜೆ 6ಕ್ಕೆ, ಇನ್ನೊಂದು ದಿನ ರಾತ್ರಿ 10ಕ್ಕೆ ಅದೇ ಊಟ ಕೊಟ್ಟರು. ಎರಡೂ ದಿನ ಮಲಗಿದ್ದು 11ಕ್ಕೆ. ನಿದ್ದೆಯ ಹಂತಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ರಕ್ತದಲ್ಲಿ. ತಡವಾಗಿ ಉಂಡ ರಾತ್ರಿ ಸಕ್ಕರೆಯ ಏರಿಕೆ ಸುಮಾರು ಶೇ 18ರಷ್ಟು ಜಾಸ್ತಿ, ಕೊಬ್ಬು ಕರಗಿದ್ದು ಶೇ 10ರಷ್ಟು ಕಡಿಮೆ. ಈ ಪರಿಣಾಮ ಹೆಚ್ಚು ಎದ್ದು ಕಂಡದ್ದು ದಿನವೂ ಬೇಗ ಮಲಗುವ ರೂಢಿ ಇದ್ದವರಲ್ಲಿ.

ಹಳ್ಳಿಯ ಓದುಗರು ಈ ಕಡೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಂಗಳೂರಿನಲ್ಲಿ ಒಂದು ಗಂಟೆಗೆ ಮಲಗುವವನು ಹತ್ತಕ್ಕೆ ಉಂಡರೆ ನಡುವೆ ಮೂರು ತಾಸು ಸಿಗುತ್ತದೆ. ಚಿಗಳ್ಳಿಯಲ್ಲಿ ಐದಕ್ಕೆ ಎದ್ದು ಹೊಲಕ್ಕೆ ಹೋಗುವವನು ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದರೆ ನಡುವೆ ಸಿಗುವುದು ಅರ್ಧ ತಾಸಷ್ಟೇ. ತಡ ಯಾವುದು ಎಂಬುದನ್ನು ಗಡಿಯಾರ ಹೇಳುವುದಿಲ್ಲ, ತಟ್ಟೆಗೂ ಹಾಸಿಗೆಗೂ ನಡುವಿನ ಅಂತರ ಹೇಳುತ್ತದೆ. ಮೈಗೆ ಒಗ್ಗಿದ ಮಲಗುವ ವೇಳೆ ಯಾವುದೋ ಅದಕ್ಕೆ ಮೂರು ತಾಸು ಮೊದಲು ಊಟ ಮುಗಿದಿರಬೇಕು, ಆಗದಿದ್ದರೆ ಎರಡಾದರೂ.

ನಮ್ಮ ನೆಲದ ಹಳೆಯ ರೂಢಿಗಳಲ್ಲಿ ಈ ಅಂತರ ಬೇರೆ ಬೇರೆ ಕಾರಣಕ್ಕೆ ಉಳಿದುಬಂದಿದೆ. ಜೈನರು ಸೂರ್ಯಾಸ್ತಕ್ಕೆ ಮೊದಲೇ ಉಣ್ಣುತ್ತಾರೆ. ದೀಪಕ್ಕೆ ಬರುವ ಹುಳಹುಪ್ಪಟೆ ಅನ್ನಕ್ಕೆ ಬಿದ್ದು ಸಾಯಬಾರದೆಂಬ ಅಹಿಂಸೆ ಅಲ್ಲಿನ ಕಾರಣ. ಮುಂಡಗೋಡಿನಲ್ಲಿ 1966ರಿಂದ ನೆಲೆನಿಂತ ಟಿಬೆಟನ್ನರ ಡ್ರೆಪುಂಗ್, ಗಾಂದೆನ್ ಮಠಗಳಿವೆ. ಬೌದ್ಧ ಭಿಕ್ಷುಗಳ ವಿನಯ ನಿಯಮದಂತೆ ಮಧ್ಯಾಹ್ನ ಕಳೆದ ಮೇಲೆ ಊಟವಿಲ್ಲ, ಆಚರಣೆಯಲ್ಲಿ ಸಡಿಲಿಕೆ ಇದ್ದರೂ ನಿಯಮ ಅದೇ. ಚರಕ ಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಮುಂತಾದವುಗಳ ಜೊತೆಗೆ ದೇಹದ ದೋಷಗಳಿಂದ ಬೀಳುವ ಕನಸಿಗೂ ಅದರಲ್ಲಿ ಜಾಗ ಕೊಟ್ಟಿದೆ. ಎಲ್ಲ ಕನಸೂ ಶಕುನವಲ್ಲ, ಕೆಲವು ಮೈಯ ಸ್ಥಿತಿಯಿಂದ ಹುಟ್ಟುತ್ತವೆ ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಹಳೆಯದು.

ಆ ತಿಳಿವಳಿಕೆಯನ್ನು ಮರೆತಲ್ಲಿ ಅನಾಹುತವಾಗುತ್ತದೆ. "ಎದಿ ಮ್ಯಾಲೆ ಯಾರೋ ಕುಂತಂಗಾತು, ಕೂಗಬೇಕಂದ್ರ ದನಿ ಬರಲಿಲ್ಲ" ಎಂದು ಹೇಳಿಕೊಳ್ಳುವವರಿದ್ದಾರೆ. ರೆಮ್ ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ನಾವು ಎದ್ದು ಓಡದಿರಲೆಂದು ಮೈಯ ಸ್ನಾಯುಗಳು ಸಡಿಲವಾಗಿರುತ್ತವೆ. ಆ ಸಡಿಲ ಬಿಡುವ ಮೊದಲೇ ಮನಸ್ಸು ಎಚ್ಚರಗೊಂಡರೆ ಹೀಗಾಗುತ್ತದೆ. ನಿದ್ದೆಗೆಟ್ಟವರಲ್ಲಿ, ಮಲಗುವ ವೇಳೆ ದಿನಕ್ಕೊಂದು ರೀತಿ ಇರುವವರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ಕೆಲವು ನಿಮಿಷದೊಳಗೆ ತಾನೇ ಬಿಟ್ಟುಹೋಗುತ್ತದೆ. ಅದಕ್ಕೆ ದೆವ್ವ, ಗಾಳಿ ಎಂದು ಹೆಸರಿಟ್ಟು ತಾಯತಕ್ಕೆ ದುಡ್ಡು ಸುರಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆ ದುಡ್ಡಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಬಹುದು.

ಆಸ್ಪತ್ರೆಗೆ ಹೋಗಲೇಬೇಕಾದ ಲಕ್ಷಣಗಳನ್ನು ಹೇಳುತ್ತೇನೆ. ಜೋರು ಗೊರಕೆಯ ನಡುವೆ ಉಸಿರು ನಿಂತು, ತಟ್ಟನೆ ಗಾಬರಿಯಿಂದ ಎಚ್ಚರವಾಗುತ್ತಿದ್ದರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಎದೆಯುರಿ ವಾರದಲ್ಲಿ ಮತ್ತೆ ಮತ್ತೆ ಕಾಡಿದರೆ ಅಂಗಡಿಯ ಮಾತ್ರೆ ಸಾಕು ಎಂದುಕೊಳ್ಳಬಾರದು. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ನಂಥ ಕೆಲವು ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳುವುದುಂಟು. ಮಾತ್ರೆಯನ್ನು ತಾವಾಗಿ ಬಿಡದೆ ಬರೆದುಕೊಟ್ಟ ವೈದ್ಯರಿಗೇ ಹೇಳಿ.

ಸಕ್ಕರೆ ಕಾಯಿಲೆಯವರಿಗೆ ಬೇರೆಯದೇ ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ರಾತ್ರಿ ಊಟ ಬಿಟ್ಟರೆ ನಿದ್ದೆಯಲ್ಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕೆಟ್ಟ ಕನಸು, ಬೆಳಗ್ಗೆ ತಲೆನೋವು ಅದರ ಗುರುತು. ತಡವಾಯಿತು, ಇನ್ನು ಉಣ್ಣುವುದು ಬೇಡ ಎಂದು ಇವರು ಖಾಲಿ ಹೊಟ್ಟೆಯಲ್ಲಿ ಮಲಗಬಾರದು. ಮಕ್ಕಳಿಗೆ, ಬಸುರಿಯರಿಗೆ, ದಿನವಿಡೀ ಮೈ ಮುರಿದು ದುಡಿದವರಿಗೂ ಉಪವಾಸದ ನಿದ್ದೆ ಹಿತವಲ್ಲ. ಹಸಿವೂ ನಿದ್ದೆ ಕೆಡಿಸುತ್ತದೆ. ತಡವಾದ ದಿನ ಅನ್ನ-ಮಜ್ಜಿಗೆ, ತೆಳು ಗಂಜಿ, ಒಂದು ಬಾಳೆಹಣ್ಣು ಸಾಕು. ಎಣ್ಣೆಗಾಯಿ, ಬಜ್ಜಿ, ಮಾಂಸದ ಊಟವನ್ನು ಮರುದಿನ ಮಧ್ಯಾಹ್ನಕ್ಕೆ ಇಟ್ಟುಕೊಂಡರಾಯಿತು.

ಕಾವಲಿಗೆ, ಪಾಳಿಗೆ ಹೋಗುವವರಿಗೆ ಇರುವ ದಾರಿ ಹೊರಡುವ ಮುಂಚಿನದು. ಬಾಸ್ಟನ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಮಂದಿಗೆ ರಾತ್ರಿ ಪಾಳಿಯಂಥ ದಿನಚರಿ ಮಾಡಿಸಿದರು. ರಾತ್ರಿಯೂ ಉಂಡವರ ರಕ್ತದ ಸಕ್ಕರೆ ಸರಾಸರಿ ಶೇ 6.4ರಷ್ಟು ಏರಿತು. ಹಗಲಲ್ಲಿ ಮಾತ್ರ ಉಂಡವರಲ್ಲಿ ಹಾಗೆ ಏರಲಿಲ್ಲ. ಆದ್ದರಿಂದ ದೊಡ್ಡ ಊಟವನ್ನು ಸಂಜೆಯೇ ಮನೆಯಲ್ಲಿ ಮುಗಿಸಿ ಹೊರಡಿ. ಬುತ್ತಿಯಲ್ಲಿ ಹಗುರಾದದ್ದನ್ನು ಒಯ್ಯಿರಿ. ಚಹಾವನ್ನು ಪಾಳಿಯ ಮೊದಲರ್ಧಕ್ಕೇ ನಿಲ್ಲಿಸಿ. ಬೆಳಗ್ಗೆ ಬಂದ ಮೇಲೆ ಕಿಟಕಿ ಮುಚ್ಚಿ, ಕತ್ತಲು ಮಾಡಿಕೊಂಡು ನಿದ್ದೆಯ ಬಾಕಿ ತೀರಿಸಿ.

ಇಷ್ಟು ಅವರ ಕೈಯಲ್ಲಿದೆ. ಉಳಿದದ್ದು ಅವರ ಕೈಯಲ್ಲಿಲ್ಲ. ರಾತ್ರಿ ಪಾಳಿಯ ಕ್ಯಾಂಟೀನಿನಲ್ಲಿ ಕರಿದದ್ದಷ್ಟೇ ಸಿಕ್ಕರೆ ಕಾರ್ಮಿಕ ಹಗುರ ಊಟ ಎಲ್ಲಿಂದ ತರಬೇಕು? ಆನೆ ಬಾರದಂತೆ ಕಂದಕ, ಬೇಲಿ ಸರಿಯಾಗಿರದಿದ್ದರೆ, ಬೆಳೆಹಾನಿಯ ಪರಿಹಾರ ಹೊತ್ತಿಗೆ ಬಾರದಿದ್ದರೆ ರೈತ ಅಟ್ಟದಿಂದ ಇಳಿಯುವುದು ಹೇಗೆ? ಆನೆಯ ಲೆಕ್ಕ ಬರೆಯುವಾಗ ನಾವು ಹಾಳಾದ ಎಕರೆಗಳನ್ನು ಎಣಿಸುತ್ತೇವೆ, ಕೆಟ್ಟ ರಾತ್ರಿಗಳನ್ನು ಎಣಿಸುವುದಿಲ್ಲ. ಒಂದು ಸುಗ್ಗಿಯಲ್ಲಿ ವಾರಗಟ್ಟಲೆ ನಿದ್ದೆಗೆಟ್ಟ ಮೈಗೆ ರಕ್ತದೊತ್ತಡ, ಸಕ್ಕರೆ, ಸಿಡುಕು ಸುಲಭವಾಗಿ ಹತ್ತುತ್ತವೆ, ಟ್ರ್ಯಾಕ್ಟರಿನ ಮೇಲೆ ತೂಕಡಿಕೆಯೂ ಬರುತ್ತದೆ. ಅರಣ್ಯ ಇಲಾಖೆಯೂ ಆರೋಗ್ಯ ಇಲಾಖೆಯೂ ಈ ಲೆಕ್ಕವನ್ನು ಒಟ್ಟಿಗೆ ಕೂತು ಬರೆಯಬೇಕು. ನಿದ್ದೆ ಮಾಡಲು ಬಿಡುವಿದ್ದವರು ತಮ್ಮ ಮನೆಯ ಊಟವನ್ನು ಧಾರಾವಾಹಿಗಿಂತ ಮುಂಚೆಗೆ ತಂದುಕೊಳ್ಳಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬಿಡುವೇ ಇಲ್ಲದವರಿಗೆ ಅದನ್ನು ದೊರಕಿಸಿಕೊಡುವುದು ಮಾತ್ರ ನಮ್ಮೆಲ್ಲರ ಕೆಲಸ.